ವಾಪಸು ಹೋಗುವುದರ ಪರವಾಗಿ ಮೂರು ನಿಮಿಷ

ಕಾಪುವಿನಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಹೀಗಿದೆ. ಇಬ್ಬರು ಗೆಳತಿಯರು ಬೆನ್ನಿಗೆ ಚೀಲ ಏರಿಸಿಕೊಂಡು ಕಿರ್ಗಿಜಿಸ್ತಾನ ಸುತ್ತಲು ಹೋದರು. ಬೆಟ್ಟದ ಮೇಲೆ ಮೋಡ ಕವಿಯಿತು. ಒಬ್ಬಳು ವಾಪಸು ಹೋಗೋಣ ಎಂದಳು, ಇನ್ನೊಬ್ಬಳು ಮುಂದೆಯೇ ಹೋಗಬೇಕು ಎಂದಳು. ಹಾಗೆ ಹೇಳಿದವಳೇ ಬಿದ್ದು ಮೊಣಕಾಲು ಕೆಡಿಸಿಕೊಂಡಳು. ಕೈಗೆ ಬರಲಿದ್ದ ಪೊಲೀಸ್ ಕೆಲಸವೂ ಹೋಯಿತು.

ವಾಪಸು ಹೋಗೋಣ ಎಂದವಳು ನಾನು. ಹಾಗಾಗಿ ಈ ಕಥೆಯಲ್ಲಿ ನನಗೆ ಒಳ್ಳೆಯ ಪಾತ್ರ. ಉದ್ಯಾವರದಲ್ಲಿರುವ ಗೆಳತಿಯ ಸೋದರತ್ತೆ ಮದುವೆಯೊಂದರಲ್ಲಿ ನನ್ನ ಕೈ ಹಿಡಿದು, "ನೀನಾದರೂ ಹೇಳಿದ್ದೆಯಲ್ಲ ಮಗಾ, ಅದು ಕೇಳಬೇಕಲ್ಲ" ಎಂದರು. ಹಿರಿಯಡ್ಕದ ನಮ್ಮ ಮನೆ ತಲುಪುವಷ್ಟರಲ್ಲಿ ಕಥೆಯೊಳಗೆ ಮೊಣಕಾಲುದ್ದ ಹಿಮವೂ ಬಿದ್ದಿತ್ತು. ನನ್ನ ಅಮ್ಮ ಅದನ್ನು ಪಕ್ಕದ ಮನೆಯವರಿಗೆ ವಿವರಿಸುವುದನ್ನು ನಾನು ಅಡುಗೆಮನೆಯಲ್ಲಿ ನಿಂತು ಕೇಳಿದ್ದೇನೆ. ಹಿಮವಲ್ಲ, ಆಲಿಕಲ್ಲು ಎಂದು ಒಳಗಿನಿಂದಲೇ ತಿದ್ದಿದೆ. ಅಷ್ಟನ್ನು ಮಾತ್ರ ತಿದ್ದಿದೆ.

ಹಿಮವೊಂದನ್ನು ಬಿಟ್ಟರೆ ಆ ಕಥೆಯಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ನನ್ನ ಕಷ್ಟ ಇರುವುದೇ ಅಲ್ಲಿ. ಉಡುಪಿಯ ವಕೀಲರೊಬ್ಬರ ಕಚೇರಿಯಲ್ಲಿ ನಾನು ಜೂನಿಯರ್. ಸುಳ್ಳು ಹೇಳುವ ಸಾಕ್ಷಿಗೆ ಪಾಟೀಸವಾಲು ಹಾಕುವುದು ಹೇಗೆ ಎಂದು ದಿನಾ ನೋಡುತ್ತೇನೆ. ಒಂದೊಂದು ವಾಕ್ಯವೂ ನಿಜವಾಗಿದ್ದು ಒಟ್ಟು ಕಥೆ ಮಾತ್ರ ಸುಳ್ಳಾಗಿದ್ದರೆ ಎಲ್ಲಿಂದ ಹಿಡಿಯಬೇಕೆಂದು ನಮ್ಮ ಸೀನಿಯರ್ ಇನ್ನೂ ಕಲಿಸಿಲ್ಲ.

ಕಥೆ ಬರೀ ಕಥೆಯಾಗಿ ಉಳಿದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಒಂದು ವರ್ಷದಿಂದ ಸುಮ್ಮನಿದ್ದೆನಲ್ಲ. ಆದರೆ ಈಚೆಗೆ ಅದು ಅವಳ ದಾರಿಗೆ ಅಡ್ಡ ನಿಂತಿತು. ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಪುನಃ ಅರ್ಜಿ ಕರೆದಿದ್ದಾರೆ. ಅವಳಿಗೆ ಹಾಕಬೇಕೆಂದಿದೆ. ಮನೆಯವರು, 'ನಿನಗೆ ನಿನ್ನ ಶಕ್ತಿಯ ಅಂದಾಜಿಲ್ಲ, ಅವತ್ತೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ' ಎಂದು ಬೇಡವೆನ್ನುತ್ತಿದ್ದರು. ಹೋದ ವಾರ ಅವಳ ಅಪ್ಪ ನನಗೆ ಫೋನ್ ಮಾಡಿ, "ನೀನೊಮ್ಮೆ ಬಂದು ಹೇಳು ಮಗಾ, ನಿನ್ನ ಮಾತು ಸರಿ ಇರ್ತದೆ" ಎಂದರು.

ಆದ್ದರಿಂದ ಬಿಟ್ಟುಹೋದದ್ದನ್ನು ಹೇಳಬೇಕಾಗಿದೆ.

ನಾವಿಬ್ಬರೂ ಮಣಿಪಾಲದ ಕಾಲೇಜೊಂದರಲ್ಲಿ ಮೂರು ವರ್ಷ ಒಂದೇ ಚರ್ಚಾ ತಂಡದಲ್ಲಿದ್ದವರು. ನನ್ನ ಅಪ್ಪನದು ಹಿರಿಯಡ್ಕದ ಪೇಟೆಯಲ್ಲಿ ಪೈಪು, ನಲ್ಲಿ, ಪಂಪ್‌ಸೆಟ್ಟಿನ ಅಂಗಡಿ. ಅವಳ ಮನೆ ಕಾಪುವಿನಲ್ಲಿ, ಅಪ್ಪ ಮಲ್ಪೆಯಲ್ಲಿ ತಾಂಡೇಲರು. ಅಂದರೆ ಬೋಟು ಅವರ ಕೈಯಲ್ಲಿ, ಬೋಟಿನಲ್ಲಿರುವವರ ಜೀವವೂ. ಚರ್ಚಾಸ್ಪರ್ಧೆಯಲ್ಲಿ ನೀವು ಪರವೋ ವಿರೋಧವೋ ಎಂಬುದನ್ನು ಹೇಳುವುದು ನಾಣ್ಯ. ನಿಮ್ಮ ಸ್ವಂತ ಅಭಿಪ್ರಾಯ ಯಾರಿಗೂ ಬೇಡ. ಬಂದ ಪಕ್ಷವನ್ನು ಹಿಡಿದು ಅದರ ಪರವಾಗಿ ಪೂರ್ತಿ ಬಲ ಹಾಕಿ ಮಾತಾಡಬೇಕು, ಅಷ್ಟೇ. ಆ ಚಟ ಸ್ಪರ್ಧೆಗಳಿಂದ ನಮ್ಮ ಬದುಕಿಗೂ ಇಳಿಯಿತು. ರಜೆಯ ದಿನ ಕಾರ್ಕಳದ ಗೊಮ್ಮಟ ಬೆಟ್ಟ ಹತ್ತುವುದೋ, ಉಡುಪಿಯಲ್ಲಿ ಕುಳಿತು ಗಡ್‌ಬಡ್ ಐಸ್‌ಕ್ರೀಮ್ ತಿನ್ನುವುದೋ ಎಂಬುದಕ್ಕೂ ನಾಣ್ಯ. ತಲೆಗೆ ಮೂರು ನಿಮಿಷ, ಮೊಬೈಲಿನಲ್ಲಿ ಗಡಿಯಾರ. ಆಮೇಲೆ ಯಾರ ವಾದ ಗಟ್ಟಿ ಎಂದು ಇಬ್ಬರೂ ಪ್ರಾಮಾಣಿಕವಾಗಿ ಹೇಳಬೇಕು. ಮನಸ್ಸಿನಲ್ಲಿ ಬೇಕಾಗಿದ್ದದ್ದು ಯಾವುದು ಎಂದಲ್ಲ, ವಾದ ಯಾವುದು ಗಟ್ಟಿ ಎಂದು. ಗಟ್ಟಿಯಾದ ವಾದ ಹೇಳಿದಂತೆ ನಡೆಯಬೇಕು.

ಇನ್ನೊಂದು ನಿಯಮವಿತ್ತು. ಚರ್ಚೆ ಕನ್ನಡದಲ್ಲೇ ಆಗಬೇಕು. ನಾವಿಬ್ಬರೂ ಮಾತಾಡುವುದು ತುಳು. ತುಳುವಿನಲ್ಲಿ ವಾದಕ್ಕೆ ಕುಳಿತರೆ ಎರಡನೇ ನಿಮಿಷಕ್ಕೆ ಮನೆಯವರ ಸುದ್ದಿ ಬರುತ್ತದೆ, ಮೂರನೆಯದಕ್ಕೆ ಜಗಳ. ಕನ್ನಡ ನಮಗೆ ವೇದಿಕೆಯ ಭಾಷೆ. ಅದನ್ನು ಮಾತಾಡುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಈ ಬರಹದಲ್ಲಿ ತುಳುವಿನ ಮಾತುಗಳನ್ನೂ ಕನ್ನಡದಲ್ಲೇ ಕೊಡುತ್ತಿದ್ದೇನೆ. ಆದರೆ ಬೆಟ್ಟದ ಮೇಲಿನ ಆ ಆರು ನಿಮಿಷಗಳಿಗೆ ಅನುವಾದದ ಅಗತ್ಯವಿರಲಿಲ್ಲ.

ಅವಳು ಪೊಲೀಸ್ ಆಗಬೇಕೆಂದು ಹೊರಟದ್ದಕ್ಕೆ ಅವಳೇ ಕೊಡುತ್ತಿದ್ದ ಕಾರಣ ಇಷ್ಟು: "ಕರಾವಳಿ ಕಾವಲು ಪೊಲೀಸರ ಬೋಟು ಬರ್ತದೆ ಅಲ್ವಾ, ಅದರಲ್ಲಿ ಘಟ್ಟದ ಮೇಲಿನವರು ಇರ್ತಾರೆ, ಪಾಪ, ವಾಂತಿ ಮಾಡ್ತಾ ಇರ್ತಾರೆ. ಕಳ್ಳನನ್ನು ಹಿಡಿಯುವುದೋ ಹೊಟ್ಟೆಯನ್ನು ಹಿಡಿಯುವುದೋ? ನನಗೆ ವಾಂತಿ ಬರುವುದಿಲ್ಲ. ಇದು ಅರ್ಹತೆ ಅಲ್ವಾ?" ಎರಡು ವರ್ಷ ಅವಳು ದಿನಾ ಬೆಳಿಗ್ಗೆ ಕಾಪುವಿನ ದೀಪಸ್ತಂಭದಿಂದ ತೆಂಕಕ್ಕೆ ಒದ್ದೆ ಮರಳಿನ ಮೇಲೆ ಓಡಿದಳು. ಓಟ, ಉದ್ದಜಿಗಿತ, ಗುಂಡೆಸೆತ, ಇವಿಷ್ಟು ದೈಹಿಕ ಪರೀಕ್ಷೆ. ಅದು ಸೆಪ್ಟೆಂಬರಿನಲ್ಲಿ ಎಂದು ಗೊತ್ತಾಯಿತು. ನಮ್ಮ ಪ್ರವಾಸ ಆಗಸ್ಟಿನಲ್ಲಿ.

"ಪರೀಕ್ಷೆ ಮುಗಿಸಿ ಹೋದರೆ ಆಗುವುದಿಲ್ಲವಾ?" ಎಂದು ಅವಳ ಅಪ್ಪ ಕೇಳಿದ್ದರು. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು. ಬೋಟು ದಡದಲ್ಲಿತ್ತು, ಅವರು ಚಾವಡಿಯಲ್ಲಿ ಬಲೆ ರಿಪೇರಿ ಮಾಡುತ್ತಾ ಕುಳಿತಿದ್ದರು. ಉತ್ತರ ಕೊಟ್ಟದ್ದು ಅವಳಲ್ಲ, ನಾನು. ಸೆಪ್ಟೆಂಬರ್ ದಾಟಿದರೆ ಅಲ್ಲಿ ಚಳಿ ಶುರು, ಕಣಿವೆಗಳ ದಾರಿ ಮುಚ್ಚುತ್ತದೆ. ನನಗೆ ಆಮೇಲೆ ರಜೆ ಸಿಗುವುದಿಲ್ಲ. ಬೆಟ್ಟ ಹತ್ತಿದರೆ ಅವಳ ಉಸಿರು ಇನ್ನೂ ಗಟ್ಟಿಯಾಗುತ್ತದೆ. ನನ್ನ ದೊಡ್ಡಮ್ಮನ ಮಗ ಅಲ್ಲೇ ಬಿಷ್ಕೆಕ್‌ನಲ್ಲಿ ಡಾಕ್ಟರ್ ಓದುತ್ತಿದ್ದಾನೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಬಲೆಯ ಕಣ್ಣೊಂದಕ್ಕೆ ಗಂಟು ಹಾಕಿ ನೂಲು ಕಡಿದರು. "ನೀನು ಜೊತೆಗಿದ್ದೀ ಅಲ್ವಾ. ನೋಡಿಕೋ" ಎಂದರು.

ಕಿರ್ಗಿಜಿಸ್ತಾನದ ಚಂದದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಅದು ಚಂದವಿಲ್ಲವೆಂದಲ್ಲ, ನಾನು ಯಾವುದನ್ನೂ ನಿಂತು ನೋಡಲಿಲ್ಲ. ಹತ್ತು ದಿನದ ರಜೆ, ಹನ್ನೆರಡು ಊರಿನ ಪಟ್ಟಿ. ಅಲ್ಲಿನ ಸಣ್ಣ ಬಸ್ಸುಗಳು ಸೀಟು ತುಂಬುವ ತನಕ ಹೊರಡುವುದಿಲ್ಲ. ಉಡುಪಿ–ಕಾರ್ಕಳ ಎಕ್ಸ್‌ಪ್ರೆಸ್ಸಿನ ಡ್ರೈವರುಗಳನ್ನು ಬೈದುಕೊಂಡೇ ಬೆಳೆದ ನಾನು ಅವರನ್ನು ಆ ನಿಲ್ದಾಣಗಳಲ್ಲಿ ಪ್ರೀತಿಯಿಂದ ನೆನೆದೆ. ಬಸ್ಸು ನಿಂತಿದ್ದರೆ ನಾನು ಇಳಿದು ಬಸ್ಸಿನ ಸುತ್ತ ನಡೆಯುತ್ತಿದ್ದೆ. ಅವಳು ಒಳಗೆ ಕುಳಿತು ಪಕ್ಕದ ಅಜ್ಜಿಯೊಂದಿಗೆ ಕೈಭಾಷೆಯಲ್ಲಿ ಮಾತಾಡಿ, ಅವರ ಮೊಮ್ಮಕ್ಕಳ ಫೋಟೋ ನೋಡಿ, ರೊಟ್ಟಿ ಇಸಿದುಕೊಂಡು ತಿನ್ನುತ್ತಿದ್ದಳು.

"ನಿನ್ನ ಕಾಲಿಗೆ ಎಂತ ಕಡಿತದೆ?" ಎಂದು ಒಮ್ಮೆ ಕಿಟಕಿಯಿಂದ ಕೇಳಿದಳು.

"ಹೊತ್ತು ಹೋಗ್ತದೆ."

"ಹೋಗ್ಲಿ. ಅದಕ್ಕೆ ಟಿಕೆಟ್ ಬೇಡ."

ಆ ದೇಶದ ಪೂರ್ವಕ್ಕೆ ದೊಡ್ಡದೊಂದು ಸರೋವರವಿದೆ. ದಡದಲ್ಲಿ ನಿಂತರೆ ಆಚೆ ಬದಿಯಲ್ಲಿ ಹಿಮದ ಬೆಟ್ಟಗಳು ಮಾತ್ರ ಕಾಣುತ್ತವೆ, ಅಲೆ ಬರುತ್ತದೆ, ಜನ ಅದನ್ನು ಸಮುದ್ರದಂತೆಯೇ ನಡೆಸಿಕೊಳ್ಳುತ್ತಾರೆ. ನೀರು ಉಪ್ಪು ಎಂದು ಓದಿದ್ದೆವು. ಅವಳು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡು, ಅಮ್ಮ ಸಾರಿನ ರುಚಿ ನೋಡುವಂತೆ ಸ್ವಲ್ಪ ಹೊತ್ತು ಯೋಚಿಸಿದಳು. "ಉಪ್ಪುಂಟು. ಸಾಲದು." ಅವಳಿಗೆ ಅಲ್ಲಿ ಇನ್ನೊಂದು ದಿನ ಇರಬೇಕೆಂದಿತ್ತು. ನಾಣ್ಯ ಹಾಕಿದೆವು. ನನಗೆ ಹೊರಡುವ ಪಕ್ಷ ಬಂತು, ಗೆದ್ದೆ. ಅದಕ್ಕೂ ಮೊದಲಿನ ಎರಡು ಊರುಗಳಲ್ಲೂ ಗೆದ್ದಿದ್ದೆ. ಆ ಗೆಲುವುಗಳಲ್ಲಿ ಮೋಸವಿರಲಿಲ್ಲ. ಅಲ್ಲಿಯವರೆಗೆ ಇರಲಿಲ್ಲ.

ಕರಾಕೋಲ್ ಎಂಬ ಪೇಟೆಯಿಂದ ಮೂರು ದಿನದ ನಡಿಗೆ. ಮೊದಲ ದಿನ ಕಣಿವೆಯಲ್ಲಿ ಹತ್ತಿ ಒಂದು ಶಿಬಿರ. ಎರಡನೆಯ ದಿನ ಇನ್ನೂ ಮೇಲೆ ಹಸಿರುನೀಲಿ ಬಣ್ಣದ ಸಣ್ಣ ಸರೋವರ, ಅದರ ಪಕ್ಕದ ಏಣು, ಅಂದರೆ ಬೆಟ್ಟದ ನೆತ್ತಿಯ ಅಂಚು, ಹತ್ತಿ ದಾಟಿ ಆಚೆ ಇಳಿಯುವುದು. ಮೂರನೆಯ ದಿನ ಬಿಸಿನೀರಿನ ಬುಗ್ಗೆಗಳಿರುವ ಹಳ್ಳಿ. ಶಿಬಿರ ನಡೆಸುತ್ತಿದ್ದದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಉಣ್ಣೆಯ ಹೊದಿಕೆಯ ಗುಂಡು ಗುಡಾರಗಳು, ಹೊರಗೆ ಕಟ್ಟಿದ ಕುದುರೆ. ಆಕೆಗೆ ಬರುತ್ತಿದ್ದ ಇಂಗ್ಲಿಷ್ ನಾಲ್ಕು ಶಬ್ದ. ಅದರಲ್ಲೇ ವಿಷಯ ಸ್ಪಷ್ಟ ಮಾಡಿದಳು: ಬೆಳಿಗ್ಗೆ ಬೆಟ್ಟ ದಾಟಿದರೆ ಒಳ್ಳೆಯದು, ಮಧ್ಯಾಹ್ನ, ಇಲ್ಲ. 'ಇಲ್ಲ' ಎನ್ನುವಾಗ ಎರಡೂ ಕೈಯನ್ನು ಅಡ್ಡ ಹಿಡಿದಳು.

ಬೆಳಿಗ್ಗೆ ಆರಕ್ಕೆ ಹೊರಡಬೇಕಾಗಿತ್ತು. ಹೊರಟದ್ದು ಒಂಬತ್ತಕ್ಕೆ. ಕಾರಣ ಗಂಜಿ.

ಒಂದು ವಾರ ರೊಟ್ಟಿ, ಆಲೂಗಡ್ಡೆ, ಕುರಿಮಾಂಸದ ಸಾರು ತಿಂದು ನನಗೆ ಸಾಕಾಗಿತ್ತು. ಅಮ್ಮ ಕಟ್ಟಿಕೊಟ್ಟಿದ್ದ ಎರಡು ಕಿಲೋ ಕುಚ್ಚಲಕ್ಕಿಯನ್ನು ದೇಶವಿಡೀ ಬೆನ್ನ ಮೇಲೆ ಹೊತ್ತಿದ್ದೆ. ಪೇಟೆಯಲ್ಲಿ ಬಾಡಿಗೆಗೆ ತೆಗೆದ ಸಣ್ಣ ಗ್ಯಾಸ್ ಒಲೆಯೂ ಇತ್ತು. ಗಂಜಿ ಉಂಡೇ ಬೆಟ್ಟ ಹತ್ತುವುದು ಎಂದೆ.

"ಇಷ್ಟು ಎತ್ತರದಲ್ಲಿ ಕುಚ್ಚಲಕ್ಕಿ ಬೇಯುವುದಿಲ್ಲ ಮಾರಾಯ್ತಿ. ಪಿಯುಸಿಯಲ್ಲಿ ಎಂತ ಕಲಿತದ್ದು ನೀನು?"

"ನೀರು ಕುದಿಯುತ್ತದಲ್ಲ?"

"ನೀರು ಕುದಿಯುತ್ತದೆ. ಆದರೆ ಬಿಸಿ ಸಾಲುವುದಿಲ್ಲ."

"ಕುದಿಯುವ ನೀರಿಗೆ ಬಿಸಿ ಸಾಲುವುದಿಲ್ಲ ಅಂತ ಮೊದಲ ಸಲ ಕೇಳ್ತಿದ್ದೇನೆ."

ಅದಕ್ಕೆ ನಾಣ್ಯವನ್ನೂ ಹಾಕಲಿಲ್ಲ. ನಾನು ಒಲೆ ಹಚ್ಚಿಯಾಗಿತ್ತು. ನೀರು ಬೇಗನೆ ಕುದಿಯಿತು, ನಾನು ಅವಳ ಮುಖ ನೋಡಿದೆ. ಒಂದು ಗಂಟೆ ಕುದಿಯಿತು. ಎರಡು ಗಂಟೆ ಕುದಿಯಿತು. ಕಾಳು ಹಲ್ಲಿಗೆ ಕಲ್ಲಿನ ಹಾಗೆಯೇ ಸಿಕ್ಕಿತು. ಶಿಬಿರದ ಹೆಂಗಸು ಎರಡು ಸಲ ಬಂದು ಪಾತ್ರೆಯೊಳಗೆ ಇಣುಕಿ, ಆಕಾಶ ನೋಡಿ, ಹೋದಳು. ಕೊನೆಗೆ ಗ್ಯಾಸ್ ಮುಗಿಯಿತು. ಬಿಸಿ ತಿಳಿಯನ್ನು ಉಪ್ಪಿನಕಾಯಿ ನೆಂಜಿಕೊಂಡು ಕುಡಿದು, ಕೆಂಪು ಕಾಳನ್ನು ಕುದುರೆಯ ಮುಂದೆ ಸುರಿದೆವು. ಕುದುರೆ ತಿಂದಿತು. "ಒಬ್ಬರಿಗಾದರೂ ಬೆಂದಿದೆ" ಎಂದಳು ಅವಳು.

ಹಾಗೆ ಸರೋವರದ ದಡಕ್ಕೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಹನ್ನೊಂದೂವರೆಗೆಲ್ಲ ಏಣಿನ ಮೇಲಿರಬೇಕಾಗಿದ್ದವರು. ನಮ್ಮ ಎದುರು ಮುಂದಿನ ಏಣು ಇನ್ನೂ ಬಿಸಿಲಿನಲ್ಲಿತ್ತು. ಹಿಂದೆ, ನಾವು ಹತ್ತಿಬಂದ ಕಣಿವೆಯಿಂದ ಬೂದು ಮೋಡ ಮೇಲೇರುತ್ತಿತ್ತು. ಅವಳು ಚೀಲ ಇಳಿಸಲಿಲ್ಲ. ನಿಂತಲ್ಲಿಂದಲೇ ಮೋಡವನ್ನು ನೋಡಿದಳು, ಗಾಳಿಯ ಕಡೆಗೆ ಕೆನ್ನೆ ತಿರುಗಿಸಿದಳು.

"ನನಗೆ ಯಾಕೋ ಬೇಡ ಅಂತ ಕಾಣ್ತದೆ. ಕೆಳಗೆ ಹೋಗಿ ನಾಳೆ ಬೆಳಿಗ್ಗೆ ಬರುವ."

ನಾಳೆ ಎಂದರೆ ಪಟ್ಟಿಯಿಂದ ಎರಡು ಊರು ಹೋಗುತ್ತಿತ್ತು. ಆದರೆ ನಿಜವಾದ ಕಾರಣ ಊರುಗಳಲ್ಲ. ಬಂದ ದಾರಿಯಲ್ಲೇ ಮತ್ತೆ ಇಳಿಯುವುದನ್ನು ನೆನೆದರೇ ನನ್ನ ಮೈ ಉರಿಯುತ್ತಿತ್ತು. ಎದುರಿಗೆ ಏಣು ಕಾಣುತ್ತಿರುವಾಗ ಬೆನ್ನು ಹಾಕುವುದು ನನ್ನಿಂದಾಗದು.

"ಕಾಣುವುದು ವಾದ ಅಲ್ಲ" ಎಂದೆ.

"ಹಾಗಾದರೆ ಹಾಕು ನಾಣ್ಯ."

ಹಾಕಿದೆ. ಮುಂದೆ ಹೋಗುವ ಪಕ್ಷ ಅವಳಿಗೆ ಬಂತು. ವಾಪಸು ಹೋಗುವ ಪಕ್ಷ ನನಗೆ.

ಇಬ್ಬರೂ ಒಂದು ಕ್ಷಣ ನಕ್ಕೆವು. ಇಂಥದ್ದು ಎಷ್ಟೋ ಸಲ ಆಗಿತ್ತು, ಅದೇ ಆಟದ ಸ್ವಾರಸ್ಯ. ಆಮೇಲೆ ಅವಳು ಚೀಲದ ಪಟ್ಟಿಯೊಳಗೆ ಹೆಬ್ಬೆರಳು ಸಿಕ್ಕಿಸಿ ವೇದಿಕೆಯ ಕನ್ನಡದಲ್ಲಿ ಶುರುಮಾಡಿದಳು. ಮೋಡ ಬರುತ್ತಿರುವುದು ಹಿಂದಿನಿಂದ. ವಾಪಸು ಹೋಗುವುದೆಂದರೆ ಅದರ ಬಾಯಿಗೇ ಹೋಗುವುದು. ಕೆಳಗಿನ ದಾರಿ ತೊರೆಯ ಪಕ್ಕದ ಬಂಡೆ, ಮಳೆ ಬಂದರೆ ಜಾರುತ್ತದೆ. ಜಾರುವ ಭಯಕ್ಕೆ ವಾಪಸು ಹೋಗುವವರು ಹೆಚ್ಚು ಜಾರುವ ಕಡೆಗೆ ಹೋದಂತೆ. ಏಣಿಗೆ ಒಂದೂವರೆ ಗಂಟೆ, ಅದರಾಚೆ ಗುಡಾರಗಳಿವೆ. ಶಿಬಿರಕ್ಕೆ ಮೂರು ಗಂಟೆ. ಹೆಂಗಸು ಮಧ್ಯಾಹ್ನ ಬೇಡವೆಂದದ್ದು ಶಿಬಿರದಿಂದ ಮಧ್ಯಾಹ್ನ ಹೊರಡುವವರಿಗೆ, ಸರೋವರದವರೆಗೆ ಬಂದವರಿಗಲ್ಲ. ಒಂದರ ಮೇಲೊಂದು ಇಟ್ಟಳು, ಒಂದು ಶಬ್ದವೂ ವ್ಯರ್ಥವಿಲ್ಲ. ಅವಳಿಗೆ ಬೇಡವಾಗಿದ್ದ ಕೆಲಸಕ್ಕೆ ಅವಳು ಕಟ್ಟಿದ ವಾದ, ನಾನು ಕೇಳಿದ ಅವಳ ವಾದಗಳಲ್ಲೇ ಒಳ್ಳೆಯದು.

ಈಗ ನನ್ನ ಮೂರು ನಿಮಿಷ.

ಹೊತ್ತು ಮೀರಿದೆ ಎಂದೆ. ಮೋಡವಿದೆ ಎಂದೆ. ಸರೋವರ ನೋಡಿಯಾಯಿತು, ಇನ್ನೇನು ಎಂದೆ. ಕೆಳಗೆ ಹೋದರೆ ಉಳಿದ ಅಕ್ಕಿಯನ್ನು ಕುದುರೆಗೆ ಬೇಯಿಸಿ ಹಾಕಬಹುದು ಎಂದು ಅವಳನ್ನು ನಗಿಸಿದೆ. ಅವಳ ಲೆಕ್ಕದಲ್ಲಿದ್ದ ದೊಡ್ಡ ತೂತು ನನ್ನ ಕಣ್ಣಿಗೆ ಬಿದ್ದಿತ್ತು. ಏಣು ತಲುಪಿದರೆ ಮುಗಿಯಲಿಲ್ಲ, ಆಚೆ ಕಡೆ ಇಳಿಯಬೇಕಾದದ್ದು ಸಡಿಲ ಕಲ್ಲಿನ ಕಡಿದಾದ ಜಾರು. ಅದು ಈ ದಾರಿಯಲ್ಲೇ ಅಪಾಯದ ಜಾಗ ಎಂದು ನಾವಿಬ್ಬರೂ ಓದಿದ್ದೆವು. ಅದನ್ನು ಎತ್ತಲಿಲ್ಲ. ಮತ್ತೆ, ಎಲ್ಲಕ್ಕಿಂತ ಬಲವಾದ ಒಂದು ವಾದವಿತ್ತು. ಶಾಲಾ ಮಟ್ಟದ ಸ್ಪರ್ಧಿಯೂ ಮೊದಲ ವಾಕ್ಯದಲ್ಲೇ ಎತ್ತುವಂಥದ್ದು: ಇನ್ನು ಐದು ವಾರಕ್ಕೆ ನಿನ್ನ ಪರೀಕ್ಷೆ ಉಂಟು, ಅದಕ್ಕೆ ನಿನ್ನ ಎರಡು ಕಾಲು ಬೇಕು. ಅದು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನಾನು ಗೆಲ್ಲುತ್ತಿದ್ದೆ. ಗೆದ್ದರೆ ಕೆಳಗೆ ಹೋಗಬೇಕಾಗುತ್ತಿತ್ತು. ನಿಮಿಷ ಇನ್ನೂ ಒಂದು ಉಳಿದಿತ್ತು. "ನನ್ನದು ಮುಗಿಯಿತು" ಎಂದೆ.

ಅವಳು ಮೊಬೈಲಿನ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು.

"ನಿನ್ನದೇ ಗಟ್ಟಿ" ಎಂದೆ.

"ಹೌದು" ಎಂದಳು. "ನನ್ನದೇ ಗಟ್ಟಿ." ಗೆದ್ದವರ ದನಿ ಅದಾಗಿರಲಿಲ್ಲ.

ಏಣಿನ ಮೇಲೆ ನಾವು ನಿಂತದ್ದು ಎರಡು ನಿಮಿಷವೂ ಇಲ್ಲ. ಕೆಳಗೆ ಇಡೀ ಸರೋವರ, ಸುತ್ತ ಹಿಮದ ಶಿಖರಗಳು, ಅದನ್ನು ನೋಡಲೆಂದೇ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನನಗೆ ನೆನಪಿರುವುದು ಗಾಳಿಗೆ ಅವಳ ಮಳೆಕೋಟಿನ ಟೊಪ್ಪಿ ಪಟಪಟ ಬಡಿಯುತ್ತಿದ್ದದ್ದು. ಆಚೆ ಇಳಿಯತೊಡಗಿದಾಗ ಆಲಿಕಲ್ಲು ಶುರುವಾಯಿತು. ಕಾಲಿಟ್ಟಲ್ಲೆಲ್ಲ ನೆಲವೇ ಕೆಳಗೆ ಸರಿಯುತ್ತಿತ್ತು. ನಾನು ಮುಂದೆ, ಅವಳು ಹಿಂದೆ. ಕಲ್ಲುಗಳ ಸದ್ದು ಜೋರಾದದ್ದಕ್ಕೆ ತಿರುಗಿ ನೋಡಿದೆ. ಅವಳ ಎಡಗಾಲು ಎರಡು ಕಲ್ಲಿನ ನಡುವೆ ಸಿಕ್ಕಿಬಿದ್ದಿತ್ತು, ಮೈ ಮುಂದಕ್ಕೆ ಹೋಗಿತ್ತು. ಅವಳು ಕೂಗಲಿಲ್ಲ. ಕುಳಿತುಕೊಂಡು, ಎರಡೂ ಕೈಯಲ್ಲಿ ಮೊಣಕಾಲು ಹಿಡಿದು, ತುಳುವಿನಲ್ಲಿ ಮೆಲ್ಲಗೆ ಹೇಳಿದಳು: "ಟಕ್ಕಂತ ಹೇಳಿತು, ಮಾರಾಯ್ತಿ. ಒಳಗೆ."

ಗುಡಾರಗಳಿರುವ ಜಾಗಕ್ಕೆ ಇಳಿಯಲು, ಮುಕ್ಕಾಲು ಗಂಟೆಯ ದಾರಿಗೆ, ನಾಲ್ಕು ಗಂಟೆ ಹಿಡಿಯಿತು. ಅವಳು ನನ್ನ ಹೆಗಲಿಗೆ ಕೈ ಹಾಕಿದ್ದಳು, ಕೆಲವು ಕಡೆ ಕುಳಿತೇ ಜಾರಿದಳು. ಮರುದಿನ ಅವಳು ಕುದುರೆಯ ಮೇಲೆ, ನಾನು ಪಕ್ಕದಲ್ಲಿ. ಆ ದಿನ ನಾನು ಆಡಿದಷ್ಟು ಮಾತು ಯಾವತ್ತೂ ಆಡಿಲ್ಲ. ಬರೀ ಉಳುಕಿರಬಹುದು, ಐಸ್ ಇಟ್ಟರೆ ಇಳಿಯಬಹುದು, ಐದು ವಾರ ಬೇಕಾದಷ್ಟಾಯಿತು. ಅವಳು ಒಮ್ಮೆ ಮಾತ್ರ, "ನೀನು ಸ್ವಲ್ಪ ಹೊತ್ತು ಸುಮ್ಮನೆ ನಡಿ" ಎಂದಳು.

ವಿಮಾನ ನಿಲ್ದಾಣಕ್ಕೆ ಅವಳ ಅಪ್ಪ ಕಾರು ಮಾಡಿಸಿಕೊಂಡು ಬಂದಿದ್ದರು. ಅವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಳು, ನಾನು ಮೂಲೆಗೆ ಒತ್ತಿಕೊಂಡೆ. ಸುರತ್ಕಲ್ ದಾಟುವಾಗ ಅವರು ಕೇಳಿದರು, ಎಂತ ಆದದ್ದು ಎಂದು.

"ಇವಳು ವಾಪಸು ಹೋಗುವ ಅಂತ ಹೇಳಿದ್ದಳು ಅಪ್ಪ. ನಾನೇ ಮುಂದೆ ಹೋಗುವ ಅಂದದ್ದು."

ಕಾಪುವಿನ ಕಥೆ ಹುಟ್ಟಿದ್ದು ಅಲ್ಲಿ, ಅವಳ ಬಾಯಿಂದಲೇ. ಅವರು ತಿರುಗಿ ನನ್ನನ್ನು ನೋಡಿದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ; ಅದು ಕೃತಜ್ಞತೆ. ಮೂಲ್ಕಿಯ ಸೇತುವೆ ಬಂತು, ಹೆಜಮಾಡಿ ಬಂತು, ಪಡುಬಿದ್ರಿ ಬಂತು. ಮೂರು ನಿಮಿಷಕ್ಕೆ ಸಾಲುವಷ್ಟು ರಸ್ತೆ ಅನೇಕ ಸಲ ಸಿಕ್ಕಿತು. ನಾನು ಕಿಟಕಿಯ ಗಾಜು ಇಳಿಸುತ್ತ ಏರಿಸುತ್ತ ಕುಳಿತಿದ್ದೆ.

ಮಣಿಪಾಲದಲ್ಲಿ ಸ್ಕ್ಯಾನ್ ಮಾಡಿ, ಮೊಣಕಾಲಿನೊಳಗಿನ ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು ಎಂದರು. ಆಯಿತು. ಪರೀಕ್ಷೆಯ ದಿನ ನಾನು ಕಚೇರಿಗೆ ರಜೆ ಹಾಕಿ ಕಾಪುವಿಗೆ ಹೋದೆ. ಅವಳು ಊರುಗೋಲು ಪಕ್ಕಕ್ಕಿಟ್ಟು ಬೂತಾಯಿ ಮೀನು ಶುದ್ಧ ಮಾಡುತ್ತಿದ್ದಳು. ಪರೀಕ್ಷೆಯ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೆಯ ಸಲ.

ಆ ಮೇಲಿನ ತಿಂಗಳುಗಳಲ್ಲಿ ನಾನು ಒಂದು ಕಡೆ ನೆಟ್ಟಗೆ ಕುಳಿತದ್ದು ನೆನಪಿಲ್ಲ. ಕೋರ್ಟಿನ ವರಾಂಡದಲ್ಲಿ ಆಚೆ ಈಚೆ ನಡೆಯುತ್ತಿದ್ದೆ. ಭಾನುವಾರ ಸ್ಕೂಟರ್ ಹತ್ತಿ ಕಾರ್ಕಳದವರೆಗೆ ಹೋಗಿ, ಏನೂ ಕೆಲಸವಿಲ್ಲದೆ, ಚಹಾ ಕುಡಿದು ತಿರುಗಿ ಬರುತ್ತಿದ್ದೆ. ನನ್ನ ಪರವಾಗಿ ನಾನೇ ವಾದಿಸುತ್ತಿದ್ದೆ: ನಾಣ್ಯ ಹಾಕಲು ಅವಳೂ ಒಪ್ಪಿದ್ದಳು. ಕೆಟ್ಟ ವಾದ ಮಾಡುವುದು ಅಪರಾಧವಲ್ಲ. ಪರೀಕ್ಷೆ ಅವಳದು, ನೆನಪಿಡಬೇಕಾದವಳೂ ಅವಳೇ. ಎಲ್ಲವೂ ಗಟ್ಟಿ ವಾದಗಳೇ. ಒಂದೂ ನಿಲ್ಲಲಿಲ್ಲ.

ಅವಳ ಅಪ್ಪನ ಫೋನ್ ಬಂದ ಮೇಲೆ, ಕಳೆದ ಭಾನುವಾರ ಬೆಳಿಗ್ಗೆ ಹೋದೆ. ಮತ್ತೆ ನಿಷೇಧದ ದಿನಗಳು, ಅವರು ಚಾವಡಿಯಲ್ಲೇ ಇದ್ದರು. ಅವಳ ಅಮ್ಮ ನೀರುದೋಸೆ, ಮೀನು ಸಾರು ತಂದಿಟ್ಟರು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಈಗ ಊರುಗೋಲಿಲ್ಲ, ಪೇಟೆಯ ಟ್ಯೂಷನ್ ತರಗತಿಯೊಂದರಲ್ಲಿ ಪಾಠ ಮಾಡುತ್ತಾಳೆ, ಸಂಜೆ ಮರಳಿನಲ್ಲಿ ನಡೆಯುತ್ತಾಳೆ, ಕಳೆದ ತಿಂಗಳಿಂದ ಸ್ವಲ್ಪ ಸ್ವಲ್ಪ ಓಡುತ್ತಾಳೆ.

"ಪುನಃ ಅರ್ಜಿ ಹಾಕ್ತದಂತೆ" ಎಂದರು ಅಪ್ಪ, ಅವಳ ಕಡೆ ಗಲ್ಲ ತೋರಿಸಿ. "ಕಾಲು ಇನ್ನೊಮ್ಮೆ ಹೋದರೆ? ನೀನು ಹೇಳು."

"ತೀರ್ಪುಗಾರರು ದೋಸೆ ತಿನ್ಲಿ ಮೊದಲು" ಎಂದಳು ಅವಳು.

ತಟ್ಟೆ ಕೆಳಗಿಟ್ಟು ಹೇಳಿದೆ. ನಾಣ್ಯದ ವಿಷಯ, ಪಕ್ಷಗಳ ವಿಷಯ, ವಾಪಸು ಹೋಗಬೇಕೆಂದು ನಿಜವಾಗಿ ಅನಿಸಿದ್ದು ಯಾರಿಗೆ, ಬೇಡವಾಗಿದ್ದದ್ದು ಯಾರಿಗೆ, ನಾನು ಸೋಲಬೇಕೆಂದೇ ಮಾತಾಡಿದ್ದು, ಪರೀಕ್ಷೆಯ ಮಾತನ್ನು ನುಂಗಿದ್ದು.

ಅವಳ ಅಮ್ಮ ಸೌಟು ಹಿಡಿದುಕೊಂಡೇ ಕೇಳಿದರು: "ಅಷ್ಟು ದೂರ ಹೋಗಿ ನೀವು ನಾಣ್ಯ ಹಾಕಿ ಆಡಿದ್ದಾ?"

ಅಪ್ಪ ನನ್ನ ಕಡೆ ಬಗ್ಗಿದರು. "ಆದರೆ ನೀನು ವಾಪಸು ಅಂತಲೇ ಹೇಳಿದ್ದು ಅಲ್ವಾ?"

"ಹೌದು. ಬಾಯಿಯಲ್ಲಿ."

"ಬಾಯಿಯಲ್ಲಿ ಅಲ್ಲದೆ ಮತ್ತೆ ಎಲ್ಲಿ ಹೇಳುವುದು?"

ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು. "ಗೊತ್ತಾಯಿತು, ಗೊತ್ತಾಯಿತು. ಬೋಟಿನಲ್ಲಿ ಇದು ನಡೆಯುವುದಿಲ್ಲ ಮಗಾ. ಬೇಡ ಅಂತ ಕಂಡವನು ಬೇಡ ಅಂತಲೇ ಹೇಳಬೇಕು. ಬೇಕು ಅಂತ ಕಂಡವನು ಬೇಕು ಅಂತ. ಅಲ್ಲದಿದ್ದರೆ ತಾಂಡೇಲ ಯಾರ ಮಾತು ಹಿಡಿದು ಚುಕ್ಕಾಣಿ ತಿರುಗಿಸುವುದು?" ಆಮೇಲೆ ಮಗಳ ಕಡೆ ತಿರುಗಿದರು. ಅಂದರೆ ನನ್ನಿಂದ ತಿರುಗಿದರು. ಆ ಮನೆಯಲ್ಲಿ ಒಂದು ವರ್ಷದಿಂದ ನನಗಿದ್ದ ಮರ್ಯಾದೆ ಆ ತಿರುಗುವಿಕೆಯಲ್ಲಿ ಮುಗಿಯಿತೆಂದು ನನಗೆ ಕಂಡಿತು, ಕಂಡು ಸ್ವಲ್ಪ ಹಗುರವೂ ಆಯಿತು. "ನಿನಗೆ ಅವತ್ತು ಬೇಡ ಅಂತ ಕಂಡಿತ್ತಾ?"

"ಹ್ಞೂಂ."

"ಈಗ ಎಂತ ಕಾಣ್ತದೆ?"

"ಹಾಕಬೇಕು ಅಂತ."

"ಕೊನೆಯ ದಿನ ಯಾವಾಗ?" ಎಂದರು, ಅವಳಿಗೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಒಂದು ವರ್ಷದ ನಂತರ ನಿದ್ದೆ ಮಾಡುತ್ತಿದ್ದೆ. ಆದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತ ಅವಳು ಅಪ್ಪನಿಗೆ ಹೇಳಿದಳು, ನಗುತ್ತಲೇ: "ಇವಳು ಅಷ್ಟು ಕೆಟ್ಟದಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿದ್ದೇ ಇಲ್ಲ. ಒಂದು ನಿಮಿಷ ಬಾಕಿ ಇರುವಾಗಲೇ ಮುಗಿಯಿತು ಅಂದುಬಿಟ್ಟಳು."

ಒಂದು ನಿಮಿಷ ಬಾಕಿ ಇದ್ದದ್ದು ನಾನು ಹೇಳಿರಲಿಲ್ಲ.

ಅವಳು ಹೊರಗೆ ಬಂದಾಗ ಹಿಂಬಾಲಿಸಿದೆ. ಮಳೆ ಬಿಟ್ಟಿತ್ತು, ಕಡಲು ಕೆಂಪಗೆ, ಕಲ್ಲುಗೋಡೆಯವರೆಗೂ ಬರುತ್ತಿತ್ತು. ಅವಳು ಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಪಟ್ಟಿ ಬಿಗಿಯುತ್ತಿದ್ದಳು. ನಾನು ಅವಳೆದುರು ಆಚೆ ಈಚೆ ನಡೆದೆ. ನಾಲ್ಕು ಸುತ್ತು ಪಟ್ಟಿ, ಎಳೆದು ನೋಡಿದಳು, ಬಿಚ್ಚಿ ಮತ್ತೆ ಸುತ್ತಿದಳು. ನಾನು ನಿಂತೆ. ತುಳುವಿನಲ್ಲೇ ಕೇಳಿದೆ:

"ನಾನು ಬೇಕೆಂದೇ ಸೋಲುತ್ತಿದ್ದೇನೆ ಅಂತ ನಿನಗೆ ಅಲ್ಲಿಯೇ ಗೊತ್ತಾಗಿದ್ದರೆ, ನೀನು ಯಾಕೆ ಹತ್ತಿದೆ?"